ಮನೆಯಲ್ಲೇ ಬರೆದ ರೋಲ್‌ಪ್ಲೇಯಿಂಗ್ ಸಾಹಸ: ಅಭಿಪ್ರಾಯ ಕೊಡುವವರೂ ಪಡೆಯುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಯಾರದಾದರೂ ಮನೆಯ ಪಡಸಾಲೆಯಲ್ಲಿ ಸೇರಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡುವವರು, ಆಡಿಸುವವರು ಮತ್ತು ತಾವೇ ಸಾಹಸಗಳನ್ನು ಬರೆಯುವವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳು ಕೇಳಿದವರ ಬಾಯಿಮಾತಿನಲ್ಲೇ ಇವೆ. ಉದಾಹರಣೆಗಳೆಲ್ಲ ಒಂದೇ ಕಡೆಯವಾದರೆ ಓದಲು ಅನುಕೂಲವೆಂದು ‘ತೊರವಿಯ ನೀರು’ ಎಂಬ ಕಲ್ಪಿತ ಸಾಹಸವನ್ನು ಇಟ್ಟುಕೊಳ್ಳಲಾಗಿದೆ. ಅದರ ಕಥೆ 1640ರಲ್ಲಿ ನಡೆಯುತ್ತದೆ. ಹತ್ತಿರದ ತೊರವಿ ಗ್ರಾಮದಿಂದ ನೆಲದಡಿಯ ಸುರಂಗದಲ್ಲಿ ವಿಜಯಪುರಕ್ಕೆ ಹರಿದು ಬರುತ್ತಿದ್ದ ನೀರು ಒಂದು ಬೆಳಗ್ಗೆ ನಿಂತುಹೋಗುತ್ತದೆ, ಕಾರಣ ಹುಡುಕಲು ನಾಲ್ವರು ಗಾಳಿಬಾವಿಯೊಂದರ ಮೂಲಕ ಸುರಂಗಕ್ಕೆ ಇಳಿಯುತ್ತಾರೆ.

## ಈಗಷ್ಟೇ ಶುರು ಮಾಡಿದವರಿಗೆ

ಸಾಹಸ ಬರಿಯೋದು ಅಂದ್ರ ಕಥಿ ಬರಿಯೋದ ಅಲ್ಲೇನು?

ಅಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಹಿಡಿದು ಇಂದಿನವರೆಗೆ ಈ ಬಗೆಯ ಬಹುತೇಕ ಆಟಗಳಲ್ಲಿ ಒಬ್ಬರು ಗೇಮ್ ಮಾಸ್ಟರ್ ಆಗಿರುತ್ತಾರೆ, ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ನಮ್ಮ ಕಡೆಯ ಪಾರಿಜಾತದ ಭಾಗವತ ಕಥೆಯ ಎಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಪಾತ್ರಗಳನ್ನು ಮಾತಿಗೆ ಎಳೆಯುವಂತೆ, ಗೇಮ್ ಮಾಸ್ಟರ್ ಸನ್ನಿವೇಶವನ್ನು ಮುಂದಿಟ್ಟು ‘ನೀವೇನು ಮಾಡುತ್ತೀರಿ?’ ಎಂದು ಕೇಳುತ್ತಾರೆ. ಆಮೇಲೆ ಏನಾಗುವುದೆಂಬುದು ಆಟಗಾರರ ನಿರ್ಧಾರಕ್ಕೂ ಡೈಸಿಗೂ ಬಿಟ್ಟದ್ದು. ಆದ್ದರಿಂದ ಬರೆದಿಟ್ಟ ಸಾಹಸವೆಂದರೆ ಜಾಗಗಳು, ಜನರು, ಅಪಾಯಗಳು, ಸುಳಿವುಗಳು ಮತ್ತು ಒಂದು ನಕ್ಷೆಯ ಸಿದ್ಧತೆಯಷ್ಟೇ. ಓದಲು ಸೊಗಸಾಗಿದ್ದೂ ಆಡಿಸಲು ಬಾರದ ಸಾಹಸಗಳು ಬೇಕಾದಷ್ಟಿವೆ. ಈ ಬರವಣಿಗೆಗೆ ಬರುವ ಅಭಿಪ್ರಾಯದ ತೂಕವನ್ನು ಅದು ಮೇಜಿನ ಮೇಲೆ ನಡೆದದ್ದನ್ನು ಎಷ್ಟು ಹೇಳುತ್ತದೆ ಎಂಬುದರಿಂದ ಅಳೆಯಬೇಕು.

ಪೂರ್ತಿ ಮುಗಿದ ಮ್ಯಾಲ ತೋರಿಸ್ಲೋ, ಅರ್ಧಕ್ಕ ತೋರಿಸ್ಲೋ?

ಎರಡು ಹಂತಗಳಲ್ಲಿ ತೋರಿಸುವುದು ಒಳ್ಳೆಯದು. ಮೊದಲು ಒಂದು ಪುಟದ ಸಾರಾಂಶವನ್ನು, ಅಂದರೆ ಏನು ಕೆಟ್ಟಿದೆ, ಅದನ್ನು ಕೆಡಿಸಿದವರು ಯಾರು, ಆಟಗಾರರು ಕೈಹಾಕದಿದ್ದರೆ ಏನಾಗುತ್ತದೆ ಎಂಬ ಮೂರು ಸಂಗತಿಗಳನ್ನು, ನಂಬಿಕೆಯ ಒಬ್ಬಿಬ್ಬರ ಮುಂದಿಡಿ. ಬುನಾದಿಯಲ್ಲೇ ಬಿರುಕಿದ್ದರೆ ಅದು ಅಲ್ಲೇ ಕಾಣುತ್ತದೆ. ಎರಡನೆಯ ಸಲ ತೋರಿಸುವುದು ಆಡಿಸಲು ಸಾಧ್ಯವಾಗುವಷ್ಟು ಬರೆದಾದ ಮೇಲೆ. ಆ ಹೊತ್ತಿಗೆ ಚಿತ್ರ, ಅಲಂಕಾರ, ಪುಟವಿನ್ಯಾಸ ಯಾವುದೂ ಬೇಕಿಲ್ಲ. ಅಚ್ಚುಕಟ್ಟಾಗಿ ಕಾಣುವ ಪ್ರತಿಯನ್ನು ಕೈಗಿತ್ತರೆ ಓದುವವರು ‘ಇದು ಮುಗಿದ ಕೆಲಸ’ ಎಂದು ತಿಳಿದು ಕಾಗುಣಿತ ತಿದ್ದಲು ಕೂರುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತೂ ಇಲ್ಲಿ ಸಲ್ಲುತ್ತದೆ: ಅಂದಗೊಳಿಸಲು ವಾರಗಟ್ಟಲೆ ಕಳೆದ ಪುಟವನ್ನು ಹರಿದು ಹಾಕಲು ಬರೆದವರಿಗೇ ಮನಸ್ಸು ಬರುವುದಿಲ್ಲ.

ನಮ್ಮೂರಾಗ ಈ ಆಟ ಆಡೋರೇ ಕಡಿಮಿ. ಯಾರಿಗೆ ತೋರಿಸ್ಲಿ?

ಹೊಸಬರಿಗೇ ತೋರಿಸಿ. ನಿಯಮಗಳು ಗೊತ್ತಿಲ್ಲದ ಸೋದರಸಂಬಂಧಿಯೋ ಕಾಲೇಜಿನ ಗೆಳತಿಯೋ ಲೆಕ್ಕಾಚಾರದ ತಪ್ಪನ್ನು ಹಿಡಿಯಲಾರರು, ಆದರೆ ‘ಈಗ ನಾವು ಏನು ಮಾಡಬೇಕಿತ್ತು, ತಿಳಿಯಲಿಲ್ಲ’ ಎಂದು ಸಂಕೋಚವಿಲ್ಲದೆ ಹೇಳುತ್ತಾರೆ. ಅನುಭವಿ ಆಟಗಾರರು ಅಂಥ ಕಡೆ ತಮ್ಮ ಅನುಭವದಿಂದಲೇ ಬಿರುಕನ್ನು ಮುಚ್ಚಿಕೊಂಡು ಮುಂದೆ ಹೋಗಿಬಿಡುತ್ತಾರೆ. ಅಂಕಿಗಳನ್ನು ಪರೀಕ್ಷಿಸಲು ಮಾತ್ರ ನಿಯಮ ಬಲ್ಲವರೊಬ್ಬರು ಬೇಕು. ಅವರು ಬೆಳಗಾವಿಯಲ್ಲಿದ್ದರೂ ಬೆಂಗಳೂರಿನಲ್ಲಿದ್ದರೂ ವಿಡಿಯೊ ಕರೆಯಲ್ಲಿ ಕೆಲಸ ನಡೆಯುತ್ತದೆ.

ಎಲ್ಲಾರೂ ‘ಮಸ್ತ್ ಐತಿ’ ಅಂತಾರ. ಇದನ್ನ ತಗೊಂಡು ನಾ ಏನ್ ಮಾಡ್ಲಿ?

ಏನೂ ಮಾಡಲಾಗದು. ನಿಮ್ಮ ಮನೆಯಲ್ಲಿ ಕೂತು, ನಿಮ್ಮ ಮನೆಯ ಮಿರ್ಚಿ ಭಜಿ ತಿಂದು, ಮೂರು ತಾಸು ನಕ್ಕು ಆಡಿದವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಬೇರೆ ಏನು ಹೇಳಿಯಾರು? ದೋಷ ಉತ್ತರದಲ್ಲಿಲ್ಲ, ‘ಹೆಂಗಿತ್ತು?’ ಎಂಬ ಪ್ರಶ್ನೆಯಲ್ಲಿದೆ. ತೀರ್ಪನ್ನು ಕೇಳುವ ಬದಲು ನೆನಪನ್ನು ಕೇಳಿ. ಯಾವ ಹೊತ್ತಿನಲ್ಲಿ ಕೈ ಮೊಬೈಲಿನ ಕಡೆ ಹೋಯಿತು? ಎರಡನೆಯ ಗಾಳಿಬಾವಿಯ ಹತ್ತಿರ ನಿಮ್ಮ ಮುಂದೆ ಯಾವ ಯಾವ ದಾರಿಗಳಿವೆ ಎಂದು ನಿಮಗೆ ಅನ್ನಿಸಿತ್ತು? ಊರಿಗೆ ನೀರು ಹಂಚುವ ನೀರಗಂಟಿ ಯಾರ ಪರ ಎಂದುಕೊಂಡಿರಿ, ಅದನ್ನು ಯಾವ ಮಾತಿನಿಂದ ಊಹಿಸಿದಿರಿ? ಇಂಥ ಪ್ರಶ್ನೆಗೆ ‘ಮಸ್ತ್’ ಎಂದು ಉತ್ತರಿಸಲು ಬರುವುದಿಲ್ಲ.

ಇದರ ಜೊತೆಗೆ ಎರಡು ಮೂರು ದಿನ ಬಿಟ್ಟು ‘ಆವತ್ತು ಆಟದಲ್ಲಿ ಏನಾಯಿತೆಂದು ಆಡದೆ ಇದ್ದವರಿಗೆ ಹೇಳುವಂತೆ ನನಗೆ ಹೇಳಿ’ ಎಂದು ಕೇಳುವುದು ಬಹಳ ಪ್ರಯೋಜನಕ್ಕೆ ಬರುತ್ತದೆ. ಅವರು ಹೇಳಿದ್ದಕ್ಕಿಂತ ಬಿಟ್ಟದ್ದನ್ನು ಗಮನಿಸಿ. ಲೇಖಕರು ಎರಡು ಪುಟ ಖರ್ಚುಮಾಡಿ ಕಟ್ಟಿದ ದರ್ಬಾರಿನ ದೃಶ್ಯ ಯಾರ ಮರುಕಥನದಲ್ಲೂ ಬರದಿದ್ದರೆ ಆ ದೃಶ್ಯಕ್ಕೆ ಆಟದಲ್ಲಿ ಕೆಲಸವಿಲ್ಲ ಎಂದರ್ಥ.

## ಅಭಿಪ್ರಾಯ ಕೊಡುವವರಿಗೆ

ಗೆಳೆಯ ತನ್ನ ಸಾಹಸ ಕೊಟ್ಟು ‘ಓದಿ ಹೇಳು’ ಅಂದಾನ. ಎಲ್ಲಿಂದ ಶುರು ಮಾಡ್ಲಿ?

ಓದುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಅವರಿಗೆ ಬೇಕಾದದ್ದು ಕಲ್ಪನೆಯ ಬಗೆಗಿನ ಅಭಿಪ್ರಾಯವೋ, ಬರವಣಿಗೆಯ ಸ್ಪಷ್ಟತೆಯೋ, ಕಾದಾಟಗಳ ತೂಕವೋ? ನಾಳೆ ಸಂಜೆಯೇ ಆಡಿಸಲಿರುವವರಿಗೆ ಕಥೆಯ ಬುನಾದಿ ಸರಿಯಿಲ್ಲವೆಂದು ಹೇಳಿ ಉಪಯೋಗವಿಲ್ಲ.

ಆಮೇಲೆ ಎರಡು ಸಲ ಓದಿ. ಮೊದಲನೆಯ ಸಲ ಸುಮ್ಮನೆ ಓದಿ, ತಲೆ ಎತ್ತಿದ ಕಡೆಯಲ್ಲಿ ಪೆನ್ಸಿಲಿನ ಗುರುತು ಹಾಕಿ. ಎರಡನೆಯ ಸಲ ಇಂದು ರಾತ್ರಿ ನೀವೇ ಆಡಿಸಬೇಕೆಂದುಕೊಂಡು ಓದಿ, ಆಗ ಬೇರೆಯದೇ ತೊಂದರೆಗಳು ಮೇಲೆ ಬರುತ್ತವೆ. ನಕ್ಷೆಯಲ್ಲಿ ಕುಸಿದ ಗೋಡೆ ಮೂರನೆಯ ಗಾಳಿಬಾವಿಯ ಪೂರ್ವಕ್ಕಿದ್ದು ಪಠ್ಯದಲ್ಲಿ ಪಶ್ಚಿಮಕ್ಕೆ ಇರುತ್ತದೆ. ನೀರಗಂಟಿ ಲಂಚ ತಿಂದಿದ್ದಾನೆಂಬ ಮುಖ್ಯ ಸಂಗತಿ ಅವನು ಮೊದಲು ಮಾತನಾಡುವ ಪುಟದಲ್ಲಿ ಇರದೆ, ಅವನು ಸಿಕ್ಕಿಬೀಳುವ ಹನ್ನೊಂದನೆಯ ಪುಟದಲ್ಲಿ ಇರುತ್ತದೆ. ಆಡಿಸುವವರಿಗೆ ಆ ಸಂಗತಿ ಮೊದಲ ಪುಟದಲ್ಲೇ ಬೇಕು, ಇಲ್ಲದಿದ್ದರೆ ಅವನ ಮೊದಲ ಮಾತಿನಲ್ಲಿ ಅಳುಕನ್ನು ತರುವುದು ಹೇಗೆ? ಓದುಗರಿಂದ ಗುಟ್ಟನ್ನು ಮುಚ್ಚಿಡುವ ಕಥೆಗಾರರ ಅಭ್ಯಾಸ ಸಾಹಸ ಬರೆಯುವವರನ್ನು ಕಾಡುವಷ್ಟು ಬೇರೆ ಯಾವುದೂ ಕಾಡುವುದಿಲ್ಲ.

ಚಲೋ ಇಲ್ಲ ಅನ್ನೋದನ್ನ ಬ್ಯಾಸರ ಆಗದಂಗ ಹೆಂಗ ಹೇಳೋದು?

ಜಾಗ ತೋರಿಸಿ, ಅಲ್ಲಿ ನಡೆದದ್ದನ್ನು ಹೇಳಿ, ಅದರಿಂದಾದ ಪರಿಣಾಮವನ್ನು ಹೇಳಿ, ಅಲ್ಲಿಗೆ ನಿಲ್ಲಿಸಿ. ‘ಎರಡನೆಯ ಭಾಗ ಬೋರು’ ಎಂಬ ಮಾತು ಬರೆದವರನ್ನು ನೋಯಿಸುತ್ತದೆ, ಮತ್ತು ಅದರಿಂದ ಅವರಿಗೆ ತಿದ್ದಲು ಏನೂ ಸಿಗುವುದಿಲ್ಲ. ಅದನ್ನೇ ಹೀಗೆ ಹೇಳಬಹುದು: ‘ಎರಡನೆಯ ಗಾಳಿಬಾವಿಯ ವರ್ಣನೆ ಅರ್ಧ ಪುಟವಿದೆ. ಅದನ್ನು ಗಟ್ಟಿಯಾಗಿ ಓದುತ್ತಿದ್ದಾಗ ನಡುವೆಯೇ ಒಬ್ಬರು “ನಾ ಹಗ್ಗ ಇಳಿಬಿಡ್ತೀನಿ” ಎಂದರು. ಹಳೆಯ ಹಗ್ಗವನ್ನು ಯಾರೋ ಕೊಯ್ದಿದ್ದಾರೆ ಎಂಬ ವಾಕ್ಯ ವರ್ಣನೆಯ ಕೊನೆಯಲ್ಲಿತ್ತು, ಅದು ಯಾರ ಕಿವಿಗೂ ಬೀಳಲಿಲ್ಲ. ಮುಂದೆ ಒಂದು ತಾಸು ಇದು ಅಪಘಾತವೆಂದೇ ಎಲ್ಲರೂ ನಂಬಿದ್ದರು.’ ಇದರಲ್ಲಿ ಹಳಿಯುವ ಮಾತು ಒಂದೂ ಇಲ್ಲ, ಆದರೂ ಬರೆದವರಿಗೆ ಏನು ಮಾಡಬೇಕೆಂದು ತಾನಾಗಿಯೇ ಹೊಳೆಯುತ್ತದೆ.

ಎರಡು ಹೊಗಳಿಕೆಗಳ ನಡುವೆ ಒಂದು ಟೀಕೆಯನ್ನು ಅಡಗಿಸಿ ಕೊಡುವ ಪದ್ಧತಿಯನ್ನು ಹಲವರು ಹೇಳಿಕೊಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಕೇಳುವವರು ಬೇಗ ಜಾಣರಾಗುತ್ತಾರೆ, ಮುಂದಿನ ಸಲ ಹೊಗಳಿದ ಕೂಡಲೇ ಏಟಿಗೆ ಬೆನ್ನು ಸಿದ್ಧಮಾಡಿಕೊಳ್ಳುತ್ತಾರೆ. ಚೆನ್ನಾಗಿ ನಡೆದದ್ದನ್ನು ಹೇಳಬೇಕು, ಆದರೆ ಅದನ್ನೂ ಅಷ್ಟೇ ನಿಖರವಾಗಿ ಹೇಳಬೇಕು. ತಿದ್ದುವ ಭರದಲ್ಲಿ ಬರೆದವರು ಅದನ್ನೇ ಅಳಿಸಿಬಿಡದಿರಲಿ ಎಂಬುದು ಆ ಮಾತಿನ ಉಪಯೋಗ.

ನನಗ ಒಂದು ಭಾರಿ ಐಡಿಯಾ ಹೊಳದದ. ಹೇಳಬಹುದಲ್ಲ?

ಕೇಳಿದರೆ ಹೇಳಿ. ಕೇಳದಿದ್ದರೆ, ಯಾವ ತೊಂದರೆಗೆ ಅದು ಉತ್ತರವೆಂದು ಮೊದಲು ತಿಳಿಸಿ, ಆ ತೊಂದರೆ ಅವರಿಗೂ ಕಂಡ ಮೇಲೆ ಅನುಮತಿ ಪಡೆದು ಹೇಳಿ. ಸುರಂಗದ ಕೊನೆಯಲ್ಲಿ ಒಂದು ಡ್ರ್ಯಾಗನ್ ಇರಬೇಕೆಂದು ನಿಮಗೆ ಅನ್ನಿಸಿದ್ದರೆ ನೀವು ನಿಮ್ಮದೇ ಸಾಹಸವನ್ನು ಬರೆಯುವ ಕಾಲ ಬಂದಿದೆ.

ಇತಿಹಾಸದ ತಪ್ಪು ಕಂಡ್ರ ಹೇಳಬೇಕೇನು? ಆಟ ಅಲ್ಲೇನು, ಬಿಡು ಅಂತಾರ.

ತಪ್ಪು ಆಟವನ್ನು ಕೆಡಿಸುತ್ತದೆಯೇ ಎಂದು ನೋಡಿ ನಿರ್ಧರಿಸಬೇಕು. ‘ತೊರವಿಯ ನೀರು’ 1640ರ ಕಥೆ. ಪಾತ್ರಗಳು ಊರನ್ನು ಸಮೀಪಿಸುವಾಗ ದೂರದಲ್ಲಿ ಪೂರ್ಣಗೊಂಡ ಗೋಳಗುಮ್ಮಟ ಕಾಣುತ್ತದೆಂದು ಬರೆದಿದ್ದರೆ ಅದು ತಪ್ಪು, ಏಕೆಂದರೆ ಮುಹಮ್ಮದ್ ಆದಿಲ್‌ಶಾಹನ ಆ ಗೋರಿಯ ಕೆಲಸ ನಿಂತದ್ದು ಅವನು ತೀರಿಕೊಂಡ 1656ರ ಹೊತ್ತಿಗೆ. ಆದರೆ ಈ ತಪ್ಪಿನಿಂದ ಆಟಕ್ಕೆ ಧಕ್ಕೆಯಿಲ್ಲ. ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು, ಉಳಿಸಿಕೊಳ್ಳುವುದು ಬಿಡುವುದು ಬರೆದವರಿಗೆ ಸೇರಿದ್ದು.

ಅದೇ ಸಾಹಸದ ನಕ್ಷೆಯಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬನ್ನು ಬರೆದಿದ್ದರೆ ಸಂಗತಿ ಬೇರೆ. ಆ ಕೆರೆ ಆದದ್ದು 1651ರಲ್ಲಿ. ಅದು ನಕ್ಷೆಯಲ್ಲಿದ್ದರೆ ಆಟಗಾರರಲ್ಲಿ ಒಬ್ಬರಾದರೂ ‘ಕೆರೆಯಲ್ಲಿ ನೀರಿರುವಾಗ ಸುರಂಗ ಒಣಗಿದರೆ ಊರಿಗೇನು ಕಷ್ಟ?’ ಎಂದು ಕೇಳುತ್ತಾರೆ, ಮತ್ತು ಅಲ್ಲಿಗೆ ಇಡೀ ಸಾಹಸದ ಒತ್ತಡ ಇಳಿದುಹೋಗುತ್ತದೆ. 1620ರಲ್ಲಿ ಕಟ್ಟಿದ ತಾಜ್ ಬಾವಡಿಯ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ. ಅದು ಆ ಕಾಲಕ್ಕೆ ಇದ್ದದ್ದು ನಿಜವಾದ್ದರಿಂದ ಬರೆದವರು ಅದಕ್ಕೊಂದು ಉತ್ತರ ಸಿದ್ಧವಿಟ್ಟುಕೊಳ್ಳಬೇಕು. ಇಂಥದನ್ನು ತೋರಿಸಿಕೊಡುವುದು ಪಾಂಡಿತ್ಯ ಪ್ರದರ್ಶನವಲ್ಲ, ಒಳ್ಳೆಯ ಫೀಡ್‌ಬ್ಯಾಕ್.

## ಅಭಿಪ್ರಾಯ ಪಡೆಯುವವರಿಗೆ

ಆಡಿಸೋನೂ ನಾನ, ಬರದೋನೂ ನಾನ. ನೋಟ್ಸ್ ಯಾವಾಗ ಮಾಡ್ಕೊಳ್ಳೋದು?

ಆಡಿಸುತ್ತಲೇ ವಾಕ್ಯಗಳನ್ನು ಬರೆಯಲು ಹೋದರೆ ಆಟವೂ ಕೆಡುತ್ತದೆ, ಟಿಪ್ಪಣಿಯೂ ಕೆಡುತ್ತದೆ. ಪ್ರತಿಯ ಅಂಚಿನಲ್ಲಿ ಗುರುತುಗಳನ್ನು ಮಾತ್ರ ಹಾಕಿ: ನಕ್ಕ ಕಡೆ ಒಂದು, ಗೊಂದಲವಾದ ಕಡೆ ಒಂದು, ನೀವು ಪ್ರತಿಯಲ್ಲಿಲ್ಲದ್ದನ್ನು ಅಲ್ಲೇ ಹುಟ್ಟಿಸಿಕೊಂಡು ಹೇಳಿದ ಕಡೆ ಒಂದು. ದೃಶ್ಯ ಬದಲಾದಾಗಲೆಲ್ಲ ಗಡಿಯಾರ ನೋಡಿ ಹೊತ್ತನ್ನು ಬರೆದುಕೊಳ್ಳಿ. ಮೂರನೆಯ ಬಗೆಯ ಗುರುತುಗಳು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಬರೆದವರೇ ಆಡಿಸುವಾಗ ಕಾಗದದ ಮೇಲಿನ ಕೊರತೆಯನ್ನು ತಲೆಯೊಳಗಿನ ತಿಳಿವಳಿಕೆ ತುಂಬಿಬಿಡುತ್ತದೆ. ಎಲ್ಲರೂ ಹೊರಟ ಮೇಲೆ ಅದೇ ರಾತ್ರಿ ಗುರುತುಗಳನ್ನು ನೋಡಿ ವಿವರವಾಗಿ ಬರೆದಿಡಿ.

ಎಲ್ಲಾರೂ ಸುರಂಗ ಬಿಟ್ಟು ತೋಪಿನ ಹಿಂದ ಬಿದ್ರು. ಇದು ಫೀಡ್‌ಬ್ಯಾಕ್ ಅಂತ ತಿಳ್ಕೊಳ್ಲೋ, ತುಂಟತನ ಅಂತ ತಿಳ್ಕೊಳ್ಲೋ?

ಫೀಡ್‌ಬ್ಯಾಕ್ ಎಂದೇ ತಿಳಿಯಿರಿ. ಮಲಿಕ್-ಎ-ಮೈದಾನ್ 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ತೋಪು. ಅದರ ಬಾಯಿಯನ್ನು ಆನೆಯನ್ನು ಕಚ್ಚಿ ಹಿಡಿದ ಸಿಂಹದ ಬಾಯಿಯಂತೆ ಕಡೆದಿದ್ದಾರೆ. ಇಂದು ಷೇರ್ಜಾ ಬುರುಜಿನ ಮೇಲಿರುವ ಅದನ್ನು ಶಾಲೆಯ ಪ್ರವಾಸದಲ್ಲಿ ಮುಟ್ಟಿ ನೋಡದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಅಂಥ ತೋಪನ್ನು ಸಾಹಸದ ಮೊದಲ ಪುಟದಲ್ಲಿ ಮೂರು ಸಾಲು ವರ್ಣಿಸಿ, ಅದನ್ನು ಹಾರಿಸಲು ಯಾರೂ ಬಯಸುವುದಿಲ್ಲವೆಂದು ನಿರೀಕ್ಷಿಸುವುದು ಅನ್ಯಾಯ. ಆಟಗಾರರು ಪಠ್ಯದಲ್ಲಿ ಹೆಚ್ಚು ಜಾಗ ಪಡೆದದ್ದನ್ನು ಮುಖ್ಯವೆಂದು ತಿಳಿಯುತ್ತಾರೆ. ಒಂದೋ ತೋಪಿನ ವರ್ಣನೆಯನ್ನು ಅರ್ಧ ಸಾಲಿಗೆ ಇಳಿಸಿ, ಇಲ್ಲವೇ ತೋಪಿಗೆ ಕಥೆಯಲ್ಲಿ ಕೆಲಸ ಕೊಡಿ: ಅದರ ಗುಡುಗಿಗೆ ಸುರಂಗದ ಸಡಿಲ ಮಣ್ಣು ಕುಸಿದಿದ್ದರೆ ಹೇಗೆ? ‘ನೀವು ಅಲ್ಲಿಗೆ ಹೋಗುವಂತಿಲ್ಲ’ ಎಂದು ತಡೆದು ಸುರಂಗಕ್ಕೆ ಅಟ್ಟುವ ರೇಲ್‌ರೋಡಿಂಗ್ ಮಾತ್ರ ಬೇಡ.

ಒಬ್ರು ಕಾದಾಟ ಭಾಳ ಆತು ಅಂತಾರ, ಇನ್ನೊಬ್ರು ಸಾಲಲಿಲ್ಲ ಅಂತಾರ. ಯಾರ ಮಾತ ಕೇಳ್ಲಿ?

ಇಬ್ಬರ ತೀರ್ಪನ್ನೂ ಬದಿಗಿಟ್ಟು ಇಬ್ಬರೂ ಯಾವ ಹೊತ್ತಿನ ಬಗ್ಗೆ ಮಾತನಾಡುತ್ತಿದ್ದಾರೆಂದು ಕೇಳಿ. ಬಹಳ ಸಲ ಅದು ಒಂದೇ ಹೊತ್ತಾಗಿರುತ್ತದೆ: ಗೆಲುವು ಖಚಿತವಾದ ಮೇಲೂ ಇನ್ನೂ ಅರ್ಧ ತಾಸು ಎಳೆದ ಕಾದಾಟ ಒಬ್ಬರಿಗೆ ಉದ್ದವೆನಿಸಿದೆ, ಇನ್ನೊಬ್ಬರಿಗೆ ಸಪ್ಪೆಯೆನಿಸಿದೆ. ಹಾಗಲ್ಲದೆ ನಿಜವಾಗಿಯೂ ರುಚಿಯೇ ಬೇರೆಯಾಗಿದ್ದರೆ ಸಾಹಸ ಯಾರಿಗಾಗಿ ಎಂದು ನೀವು ಮೊದಲ ಪುಟದಲ್ಲಿ ಬರೆದದ್ದನ್ನು ನೋಡಿಕೊಳ್ಳಿ, ಬರೆದಿಲ್ಲವಾದರೆ ಈಗ ಬರೆಯಿರಿ.

ಟೀಕಿ ಕೇಳಿ ಸಿಟ್ಟು ಬರ್ತದ. ಸಮಜಾಯಿಷಿ ಕೊಡಬಾರದೇನು?

ಆ ಹೊತ್ತಿನಲ್ಲಿ ಕೊಡಬಾರದು. ‘ಅದು ಐದನೆಯ ಪುಟದಲ್ಲಿ ಇತ್ತಲ್ಲ’ ಎಂದು ನೀವು ಹೇಳಿದ ಮರುಕ್ಷಣ ಎದುರಿನವರು ಸುಮ್ಮನಾಗುತ್ತಾರೆ, ಇನ್ನೂ ಹೇಳಬೇಕಿದ್ದ ನಾಲ್ಕು ಮಾತುಗಳನ್ನು ನುಂಗಿಕೊಳ್ಳುತ್ತಾರೆ. ಬರೆದುಕೊಳ್ಳಿ, ಅರ್ಥವಾಗದಿದ್ದರೆ ಪ್ರಶ್ನೆ ಕೇಳಿ, ಚಹಾ ಕೊಡಿ.

## ಪಳಗಿದವರಿಗೆ

ಬ್ಲೈಂಡ್ ಪ್ಲೇಟೆಸ್ಟ್ ಅಂತಾರಲ್ಲ, ಅದು ಮಾಡಲೇಬೇಕೇನು?

ನಿಮ್ಮ ಗುಂಪಿಗಷ್ಟೇ ಬರೆದಿದ್ದರೆ ಬೇಕಿಲ್ಲ, ಇನ್ನೊಬ್ಬರ ಕೈಗೆ ಕೊಡುವುದಾದರೆ ಬೇಕೇಬೇಕು. ಬರೆದವರ ಯಾವ ವಿವರಣೆಯೂ ಇಲ್ಲದೆ, ಬೇರೊಬ್ಬ ಗೇಮ್ ಮಾಸ್ಟರ್ ಕೇವಲ ಪ್ರತಿಯನ್ನು ನೋಡಿ ಆಡಿಸುವುದಕ್ಕೆ ಆ ಹೆಸರು. ನೀವು ಅಲ್ಲಿ ಇರದಿರುವುದು ಉತ್ತಮ. ಇದ್ದರೂ ಮೂಲೆಯಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕು, ನಕ್ಷೆಯನ್ನು ಅವರು ತಲೆಕೆಳಗಾಗಿ ಹಿಡಿದರೂ ಸರಿ. ಆಡಿಸಿದವರಿಂದ ಎರಡು ಸಂಗತಿ ತಿಳಿದುಕೊಳ್ಳಿ: ಸಿದ್ಧತೆಗೆ ಎಷ್ಟು ಹೊತ್ತು ಹಿಡಿಯಿತು, ಮತ್ತು ಆಟದ ನಡುವೆ ಪುಟ ತಿರುವಿ ಹುಡುಕಿದ್ದು ಏನನ್ನು. ಎರಡನೆಯ ಉತ್ತರವೇ ನಿಮ್ಮ ಪುಟಗಳನ್ನು ಹೇಗೆ ಮರುಜೋಡಿಸಬೇಕೆಂದು ಹೇಳಿಬಿಡುತ್ತದೆ.

ಒಂದೇ ಕಾದಾಟದಾಗ ಎಲ್ಲಾರೂ ಸತ್ರು. ತಪ್ಪು ನಂದೋ, ಡೈಸಿಂದೋ?

ಲೆಕ್ಕ ಹಾಕಿದರೆ ತಿಳಿಯುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೆಯ ಆವೃತ್ತಿಯ ಓಗರ್ ಎಂಬ ದೈತ್ಯಜೀವಿ ಒಂದೇ ಏಟಿಗೆ ಎಂಟು ಮುಖದ ಎರಡು ಡೈಸಿನ ಮೊತ್ತಕ್ಕೆ 4 ಕೂಡಿಸಿದಷ್ಟು, ಅಂದರೆ ಸರಾಸರಿ 13 ಹಾನಿ ಮಾಡುತ್ತದೆ. ಮೊದಲ ಹಂತದ ಮಾಂತ್ರಿಕನ ಹಿಟ್ ಪಾಯಿಂಟ್, ಅಂದರೆ ನೆಲಕ್ಕುರುಳುವ ಮುನ್ನ ತಾಳಿಕೊಳ್ಳುವ ಹಾನಿಯ ಲೆಕ್ಕ, 8 ಎಂದುಕೊಳ್ಳಿ. ಎರಡು ಡೈಸು ಸೇರಿ 4 ಬಂದರೂ ಅವನು ನೆಲಕ್ಕುರುಳುತ್ತಾನೆ, ಮತ್ತು 64 ಸಾಧ್ಯತೆಗಳಲ್ಲಿ 61 ಹಾಗೆಯೇ ಇವೆ. ಒಟ್ಟು ಹಾನಿ 16 ಮುಟ್ಟಿದರೆ ನಿಯಮದ ಪ್ರಕಾರ ಅವನು ಅಲ್ಲೇ ಸಾಯುತ್ತಾನೆ, ಅದಕ್ಕೆ 64ರಲ್ಲಿ 15 ಸಾಧ್ಯತೆಗಳು. ಏಟು ತಾಗಿದ ನಾಲ್ಕು ಸಲದಲ್ಲಿ ಹತ್ತಿರ ಹತ್ತಿರ ಒಂದು ಸಲ ನೇರ ಮರಣವೆಂದರೆ ಅದನ್ನು ದುರದೃಷ್ಟದ ತಲೆಗೆ ಕಟ್ಟಲಾಗದು. ಹಾಗೆಂದು ಓಗರನ್ನು ತೆಗೆದುಹಾಕಲೇಬೇಕೆಂದಿಲ್ಲ. ಅದು ಮಲಗಿದೆ, ಗೊರಕೆ ಸುರಂಗದುದ್ದಕ್ಕೂ ಕೇಳುತ್ತಿದೆ ಎಂದು ಮುಂಚೆಯೇ ಗೊತ್ತಾದರೆ ಕಾದಾಡುವುದೋ ಬಿಡುವುದೋ ಆಟಗಾರರ ಆಯ್ಕೆಯಾಗುತ್ತದೆ. ಪರೀಕ್ಷಕರಿಂದ ಕೇಳಬೇಕಾದ ಪ್ರಶ್ನೆಯೂ ಅದೇ: ಅಪಾಯದ ಪ್ರಮಾಣ ನಿಮಗೆ ಯಾವಾಗ ತಿಳಿಯಿತು, ಏಟು ಬೀಳುವ ಮೊದಲೋ ಆಮೇಲೋ?

ಸುಳಿವು ಸಿಗದ ಆಟ ನಿಂತೇ ಹೋತು. ಡಿಸಿ ಇಳಿಸಿದ್ರ ಸಾಕೇನು?

ಸಾಲದು. ಡಿಸಿ ಎಂದರೆ ಗೆಲ್ಲಲು ಮುಟ್ಟಬೇಕಾದ ಅಂಕಿ. ಗುಪ್ತ ಬಾಗಿಲಿಗೆ ಡಿಸಿ 20 ಇಟ್ಟಿದ್ದರೆ, ಬಿದ್ದ ಅಂಕಿಗೆ 5 ಕೂಡಿಸಿಕೊಳ್ಳುವ ಪಾತ್ರಕ್ಕೆ ಇಪ್ಪತ್ತು ಮುಖದ ಡೈಸಿನಲ್ಲಿ 15 ಅಥವಾ ಮೇಲೆ ಬೀಳಬೇಕು, ಅಂದರೆ ನೂರಕ್ಕೆ 30. ಅದನ್ನು 15ಕ್ಕೆ ಇಳಿಸಿದರೆ ನೂರಕ್ಕೆ 55 ಆಗುತ್ತದೆ. ಆದರೆ ಕಥೆ ಮುಂದುವರಿಯಲು ಅಂಥ ಮೂರು ತಪಾಸಣೆಗಳು ಒಂದರ ಹಿಂದೊಂದು ಗೆಲ್ಲಲೇಬೇಕಿದ್ದರೆ ಒಟ್ಟು ಸಾಧ್ಯತೆ ನೂರಕ್ಕೆ 17ರ ಸುತ್ತ ಉಳಿಯುತ್ತದೆ. ಇಲ್ಲಿ ಕಷ್ಟ ಅಂಕಿಯದಲ್ಲ, ಒಂದೇ ಬಾಗಿಲನ್ನು ನೆಚ್ಚಿಕೊಂಡ ರಚನೆಯದು. ಅದೇ ತೀರ್ಮಾನಕ್ಕೆ ತಲುಪಿಸುವ ಸುಳಿವುಗಳು ಕನಿಷ್ಠ ಮೂರು ಬೇರೆ ಬೇರೆ ಕಡೆ ಇರಲಿ: ಕೊಯ್ದ ಹಗ್ಗದ ತುದಿ, ನೀರಗಂಟಿಯ ಮನೆಯಲ್ಲಿನ ಹೊಸ ಬೆಳ್ಳಿ, ಒಣಗಿರಬೇಕಾದ ಪಕ್ಕದ ತೋಟದ ಹಸಿ ಮಣ್ಣು. ಇವುಗಳಲ್ಲಿ ಒಂದಕ್ಕಾದರೂ ಡೈಸು ಬೇಡ, ನೋಡಿದರೆ ಸಾಕು ಸಿಗಲಿ. ಆಟ ನಿಂತಿತೆಂದು ಯಾರಾದರೂ ಹೇಳಿದಾಗ ಆ ಹೊತ್ತಿಗೆ ಅವರ ಕೈಯಲ್ಲಿ ಯಾವ ಯಾವ ಸುಳಿವುಗಳಿದ್ದವೆಂದು ಪಟ್ಟಿ ಮಾಡಿಸಿಕೊಳ್ಳಿ.

ಒಂದು ದೃಶ್ಯಕ್ಕ ಒಬ್ರು ಮುಖ ಸಣ್ಣದು ಮಾಡ್ಕೊಂಡ್ರು, ಆದ್ರ ಏನೂ ಹೇಳಲಿಲ್ಲ. ಕೇಳಬೇಕೇನು?

ಗುಂಪಿನೆದುರು ಕೇಳಬೇಡಿ, ಬಿಡಿಯಾಗಿ ಕೇಳಿ, ಕಾರಣ ಹೇಳಲೇಬೇಕೆಂದು ಒತ್ತಾಯಿಸಬೇಡಿ. ಮೇಜಿಗೆ ಬರಲೇಬಾರದ ವಿಷಯಗಳನ್ನೂ ಬಂದರೂ ಮರೆಯಲ್ಲೇ ಕಳೆಯಬೇಕಾದವನ್ನೂ ಆಟಕ್ಕೆ ಮುಂಚೆಯೇ ಮಾತನಾಡಿಕೊಳ್ಳುವ ರೂಢಿ ಈ ಆಟದವರಲ್ಲಿದೆ. ಯಾರು ಬೇಕಾದರೂ ಮುಟ್ಟಿ ದೃಶ್ಯವನ್ನು ನಿಲ್ಲಿಸಬಹುದಾದ ಎಕ್ಸ್ ಗುರುತಿನ ಚೀಟಿಯನ್ನು ಮೇಜಿನ ನಡುವೆ ಇಡುವವರೂ ಇದ್ದಾರೆ. ನಮ್ಮ ಭಾಗದ ದರ್ಗಾ, ಮಠ, ಗುಡಿಗಳನ್ನು, ಜನ ನಡೆದುಕೊಳ್ಳುವ ಶರಣರನ್ನು, ಸೂಫಿಗಳನ್ನು ಸಾಹಸಕ್ಕೆ ತರುವಾಗ ಈ ಮಾತುಕತೆ ಇನ್ನಷ್ಟು ಅಗತ್ಯ. ಇಂಥ ಅಭಿಪ್ರಾಯವನ್ನು ಬಹುಮತಕ್ಕೆ ಹಾಕಬಾರದು. ಒಬ್ಬರೇ ಹೇಳಿದರೂ ಅದಕ್ಕೆ ಬೆಲೆಯಿದೆ.

ಎಷ್ಟು ಸಲ ತಿದ್ದಬೇಕು? ಹಂಚುವಾಗ ಸಹಾಯ ಮಾಡಿದವರ ಹೆಸರು ಹಾಕಬೇಕೇನು?

ಹೊಸ ಗುಂಪು ಆಡಿದಾಗಲೂ ಹಳೆಯ ತೊಂದರೆಗಳೇ ಮರುಕಳಿಸುತ್ತಿದ್ದರೆ ತಿದ್ದುವ ಕೆಲಸ ಬಾಕಿಯಿದೆ. ಪ್ರತಿ ಗುಂಪೂ ಬೇರೆ ಬೇರೆ ಸಣ್ಣ ಸಂಗತಿಗಳನ್ನು ಹೇಳತೊಡಗಿದರೆ ನಿಲ್ಲಿಸಬಹುದು. ಪ್ರತಿಯೊಂದು ಪ್ರತಿಯ ಮೇಲೂ ತಾರೀಖು ಹಾಕಿ, ಇಲ್ಲವಾದರೆ ಯಾವ ಅಭಿಪ್ರಾಯ ಯಾವ ಕರಡಿಗೆ ಬಂದದ್ದೆಂದು ತಿಂಗಳು ಕಳೆಯುವಷ್ಟರಲ್ಲಿ ಮರೆತುಹೋಗುತ್ತದೆ.

ಹೆಸರು ಹಾಕಿ, ಆದರೆ ಕೇಳಿ ಹಾಕಿ, ಕೆಲವರಿಗೆ ಅದು ಬೇಡವಾಗಿರುತ್ತದೆ. ಆಡಿದವರನ್ನು ಒಟ್ಟಾಗಿಯೂ, ಒಂದು ದೃಶ್ಯವನ್ನೇ ಬದಲಿಸಿದಂಥ ಸಲಹೆ ಕೊಟ್ಟವರನ್ನು ಬೇರೆಯಾಗಿಯೂ ನೆನೆಯುವುದು ವಾಡಿಕೆ. ಐದನೆಯ ಆವೃತ್ತಿಯ ನಿಯಮಗಳನ್ನು ಬಳಸಿ ಸಾಹಸವನ್ನು ಸಾರ್ವಜನಿಕವಾಗಿ ಹಂಚುವುದಾದರೆ, ಆ ನಿಯಮಗಳ 5.1 ಉಲ್ಲೇಖ ದಾಖಲೆಯನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿರುವುದರಿಂದ ಅದರಲ್ಲಿರುವುದನ್ನು ಬಳಸಿಕೊಳ್ಳಬಹುದು. ಮೂಲವನ್ನು ಸೂಚಿಸುವ ಸಾಲನ್ನು, ದಾಖಲೆಯ ಆರಂಭದಲ್ಲಿ ಹೇಳಿರುವ ಮಾದರಿಯಲ್ಲೇ, ನಿಮ್ಮ ಪ್ರತಿಯಲ್ಲಿ ಅಚ್ಚುಹಾಕಬೇಕು. ಆ ದಾಖಲೆಯಲ್ಲಿಲ್ಲದ ರಾಕ್ಷಸರು, ಊರುಗಳು, ಪಾತ್ರಗಳು ನಿಮ್ಮ ಕರಡಿನಲ್ಲಿ ನುಸುಳಿವೆಯೇ ಎಂದು ಹಂಚುವ ಮುನ್ನ ನಿಯಮ ಬಲ್ಲ ಒಬ್ಬರಿಂದ ಓದಿಸಿ.